ಗೌರಿಯ ಚಾಕು ಯಾಕೆ ಹರಿತ ಆಗಲಿಲ್ಲ

ಗೌರಿ, ನಿನ್ನ ಮೆಸೇಜ್ ಈಗ ನೋಡಿದೆ. ಪವನ ಅಮೆರಿಕಾದಿಂದ ತಂದುಕೊಟ್ಟ ಶಾರ್ಪನರ್ ಮೇಲೆ ಅರ್ಧ ತಾಸು ಚಾಕು ತಿಕ್ಕಿದರೂ ಟೊಮ್ಯಾಟೊ ಜಜ್ಜಿಹೋಗುತ್ತಿದೆ, ಇದು ಬೇಟೆಯವರ ಬಾಣಕ್ಕಷ್ಟೇ ಇರಬೇಕು ಅಂತ ಬರೆದಿದ್ದೀಯಲ್ಲ. ಅದರ ಕೆಳಗೆ ಬಸಣ್ಣ "ಸಾಣೆ ಹಿಡಿಯೋನ ಸೈಕಲ್ಲೇ ಬೆಸ್ಟ್" ಅಂತ ನಗುವ ಚಿತ್ರ ಬೇರೆ ಹಾಕಿದ್ದಾನೆ. ಟೈಪ್ ಮಾಡುತ್ತಾ ಕೂತರೆ ನನಗೆ ಸಂಜೆಯಾಗುತ್ತದೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಕೆಲಸ ಮಾಡುತ್ತಲೇ ಕೇಳು. ಚಿಗವ್ವನೂ ಕೇಳಲಿ, ಅವಳ ಈಳಿಗೆ ವಿಷಯವೂ ಇದೆ.

ಮೊದಲು ಒಂದು ಮಾತು. ಆ ಸಾಮಾನು ಕೆಟ್ಟಿಲ್ಲ, ನಿನ್ನ ಕೈಯೂ ಕೆಟ್ಟಿಲ್ಲ. ಅದು ಮಾಡೋದು ಒಂದೇ ಕೆಲಸ, ಚಾಕುವನ್ನು ಒಂದೇ ಓರೆಯಲ್ಲಿ ಹಿಡಿಯೋದು. ಉಕ್ಕು ಸವೆಸುವ ಕೆಲಸ ನಮ್ಮದೇ. ಎಲ್ಲಿಯತನಕ ಸವೆಸಬೇಕು ಅನ್ನೋದು ಗೊತ್ತಾಗದಿದ್ದರೆ ಅರ್ಧ ತಾಸಲ್ಲ, ಅರ್ಧ ದಿನ ತಿಕ್ಕಿದರೂ ಅಷ್ಟೇ.

ಈಗ ಅದನ್ನು ಕೈಯಲ್ಲಿ ಹಿಡಿದುಕೊಂಡು ನೋಡು. ವಜ್ರದ ಪುಡಿ ಕೂರಿಸಿದ ಎರಡು ತಗಡು ಇವೆ. ಒಂದು 220, ಇನ್ನೊಂದು 600. ನಂಬರ್ ಜಾಸ್ತಿ ಆದಷ್ಟೂ ಪುಡಿ ನಯ. ಅಂದರೆ 220ರದ್ದು ಒರಟು, ಸವೆಸೋದಕ್ಕೆ. 600ರದ್ದು ನುಣುಪು ಮಾಡೋದಕ್ಕೆ. ಪಕ್ಕದಲ್ಲಿ ಸೆರಾಮಿಕ್ ಕಡ್ಡಿ, ಇನ್ನೊಂದು ಕಡೆ ಚರ್ಮದ ಪಟ್ಟಿ. ತಗಡಿನ ತುದಿಗೆ ಇಳಿಜಾರಾದ ಪ್ಲಾಸ್ಟಿಕ್ ತುಂಡು ಇದೆಯಲ್ಲ, ಅದೇ ಗೈಡ್. ಅದರ ಇಳಿಜಾರು 20 ಡಿಗ್ರಿ. ಚಾಕುವಿನ ಮಗ್ಗುಲನ್ನು ಅದರ ಮೇಲೆ ಪೂರ್ತಿ ಮಲಗಿಸಬೇಕು. ಹಾಗೇ ಓರೆ ಬದಲಿಸದೆ, ತಗಡಿನ ಮೇಲಿಂದ ತೆಳು ಪದರ ಹೆರೆದು ತೆಗೆಯುವ ಹಾಗೆ ಮುಂದಕ್ಕೆ ತಳ್ಳಬೇಕು. ಹಿಡಿಕೆ ಕಡೆಯಿಂದ ಶುರು ಮಾಡಿ ತುದಿಯಲ್ಲಿ ಮುಗಿಸು. ತುದಿ ಹತ್ತಿರ ಅಲಗು ಬಾಗಿರುತ್ತದೆ, ಅಲ್ಲಿ ಹಿಡಿಕೆಯನ್ನು ಒಂಚೂರು ಮೇಲೆತ್ತಬೇಕು. ಇಲ್ಲದಿದ್ದರೆ ಬರೀ ಹೊಟ್ಟೆ ಸವೆಯುತ್ತದೆ, ತುದಿ ಮೊಂಡಾಗಿಯೇ ಉಳಿಯುತ್ತದೆ.

ಗೈಡ್ ಇರೋದು ತಗಡಿನ ತುದಿಗೆ ಮಾತ್ರ. ಅಲ್ಲಿಂದ ಮುಂದೆ ಓರೆ ಹಿಡಿಯೋದು ಕೈ. ಅಡುಗೆ ಚಾಕುವಿನ ಅಗಲ ನಾಲ್ಕು ಸೆಂಟಿಮೀಟರ್ ಇದ್ದರೆ, 20 ಡಿಗ್ರಿ ಅಂದರೆ ಅದರ ಬೆನ್ನು ತಗಡಿನಿಂದ ಒಂದೂಕಾಲರಿಂದ ಒಂದೂವರೆ ಸೆಂಟಿಮೀಟರ್ ಎತ್ತರದಲ್ಲಿ ಇರಬೇಕು. ಕಣ್ಣಿಗೆ ಒಮ್ಮೆ ರೂಢಿಯಾದರೆ ಸಾಕು.

ನಿನಗೆ ಆಗಿರೋದು ಏನು ಅಂತ ನನ್ನ ಲೆಕ್ಕ ಹೇಳುತ್ತೇನೆ. ನಿನ್ನ ಚಾಕು ಹಳೆಯದು. ಬಾಯಿ ಸವೆದು ಸವೆದು ದುಂಡಗಾಗಿದೆ. ದುಂಡಗಾದ ಬಾಯಿಯನ್ನು 20 ಡಿಗ್ರಿಯಲ್ಲಿ ಇಟ್ಟು ತಿಕ್ಕಿದರೆ ತಗಡು ತಾಗೋದು ಬಾಯಿಗಲ್ಲ, ಅದರ ಹಿಂದಿನ ಹೆಗಲಿಗೆ. ಹೆಗಲು ಫಳಫಳ ಹೊಳೆಯುತ್ತದೆ, ಕೆಲಸ ಆಯಿತು ಅನಿಸುತ್ತದೆ. ಬಾಯಿ ಮಾತ್ರ ಇದ್ದ ಹಾಗೇ ಇರುತ್ತದೆ.

ಇದನ್ನು ಹಿಡಿಯೋದು ಸುಲಭ. ಮಗನ ಕಂಪಾಸ್ ಬಾಕ್ಸಿನಲ್ಲಿ ಪರ್ಮನೆಂಟ್ ಮಾರ್ಕರ್ ಇದ್ದರೆ ತಗೋ. ಚಾಕುವಿನ ಬಾಯಿಯ ಎರಡೂ ಮಗ್ಗುಲಿಗೆ ಉದ್ದಕ್ಕೂ ಕಪ್ಪು ಬಳಿ. ಗೈಡ್ ಮೇಲೆ ಇಟ್ಟು ನಾಲ್ಕು ಸಲ ತಳ್ಳು. ಎತ್ತಿ ಟ್ಯೂಬ್‌ಲೈಟ್ ಕೆಳಗೆ ನೋಡು. ಕಪ್ಪು ಬಾಯಿಯ ಅಂಚಿನವರೆಗೂ ಹೋಗಿದ್ದರೆ ಓರೆ ಸರಿ ಇದೆ. ಮೇಲೆ ಅಳಿಸಿ ಅಂಚಿನಲ್ಲಿ ಕೂದಲೆಳೆಯಷ್ಟು ಕಪ್ಪು ಉಳಿದಿದ್ದರೆ ನೀನಿನ್ನೂ ಬಾಯಿಗೆ ಮುಟ್ಟಿಲ್ಲ. ಆಗ ಓರೆ ಬದಲಿಸಬೇಡ. 220ರ ಮೇಲೇ ಮುಂದುವರಿಸು, ಹೆಗಲು ಇಳಿದು ಇಳಿದು ಬಾಯಿಗೆ ಬರುತ್ತದೆ. ಹಳೆ ಚಾಕುವಿಗೆ ಮೊದಲನೇ ಸಲ ಹೊತ್ತು ಹಿಡಿಯುತ್ತದೆ. ಆಮೇಲೆ ಪ್ರತಿ ಸಲ ಐದು ನಿಮಿಷದ ಕೆಲಸ.

ಬಾಯಿಗೆ ಮುಟ್ಟಿದ್ದು ಹೇಗೆ ಗೊತ್ತಾಗಬೇಕು? ಬೆರಳಿಗೆ ಗೊತ್ತಾಗುತ್ತದೆ. ಒಂದೇ ಮಗ್ಗುಲನ್ನು ತಿಕ್ಕುತ್ತಾ ಹೋದರೆ ಅಂಚಿನ ಉಕ್ಕು ತೆಳ್ಳಗಾಗಿ ಆ ಕಡೆಗೆ ಮಗುಚಿಕೊಳ್ಳುತ್ತದೆ. ಕಣ್ಣಿಗೆ ಕಾಣೋದು ಕಷ್ಟ. ಹೆಬ್ಬೆರಳನ್ನು ಚಾಕುವಿನ ಬೆನ್ನಿನಿಂದ ಬಾಯಿಯ ಕಡೆಗೆ, ಹೊರಗೆ ಜಾರಿಸು. ಬಾಯಿಯ ಉದ್ದಕ್ಕೆ ಮಾತ್ರ ಎಂದೂ ಎಳೆಯಬೇಡ, ಕೊಯ್ದುಕೊಳ್ಳುತ್ತೀಯ. ತಿಕ್ಕದೆ ಇದ್ದ ಮಗ್ಗುಲಲ್ಲಿ ಸಣ್ಣಗೆ ತರಿತರಿ ಹತ್ತಿದರೆ ಅದೇ. ಬೆರಳಿಗೆ ಧೈರ್ಯ ಇಲ್ಲದಿದ್ದರೆ ದೇವರ ಮನೆಯಿಂದ ಒಂಚೂರು ಹತ್ತಿ ತಂದು ಸವರು, ಎಳೆ ಸಿಕ್ಕಿಕೊಳ್ಳುತ್ತದೆ. ಹಿಡಿಕೆಯಿಂದ ತುದಿಯವರೆಗೆ ಎಲ್ಲೂ ಬಿಡದಂತೆ ಆ ತರಿ ಬರಬೇಕು. ಒಂದಿಂಚು ಬಿಟ್ಟಿದ್ದರೆ ಆ ಒಂದಿಂಚು ಮೊಂಡು. ಆಮೇಲೆ ತಿರುಗಿಸಿ ಇನ್ನೊಂದು ಮಗ್ಗುಲು, ಅಲ್ಲೂ ಅದೇ ಲೆಕ್ಕ. ಇಷ್ಟು ಸಲ ಇಲ್ಲಿ, ಅಷ್ಟು ಸಲ ಅಲ್ಲಿ ಅಂತ ವಿಡಿಯೋದಲ್ಲಿ ಎಣಿಸುತ್ತಾರಲ್ಲ, ಆ ಎಣಿಕೆ ಅವರ ಚಾಕುವಿಗೆ ಸರಿ, ನಿನ್ನದಕ್ಕಲ್ಲ.

ನೀನು 220ರ ಮೇಲೆ ಸ್ವಲ್ಪ ತಿಕ್ಕಿ, ಬೇಗ 600ಕ್ಕೆ ಹೋಗಿ, ಅಲ್ಲಿಂದ ಚರ್ಮಕ್ಕೆ ಹಾರಿದ್ದೀಯ ಅಂತ ನನಗೆ ಅನುಮಾನ. ಎಲ್ಲರೂ ಮಾಡೋದು ಅದೇ. ಹೊಳಪು ಬಂದರೆ ಹರಿತ ಬಂತು ಅಂದುಕೊಳ್ಳುತ್ತಾರೆ. ತರಿ ಬರುವ ತನಕ 220 ಬಿಡಬೇಡ. ಅದು ಬಂತು ಅಂದರೆ ಮುಕ್ಕಾಲು ಕೆಲಸ ಮುಗಿಯಿತು. 600ರಲ್ಲಿ ಎರಡೂ ಕಡೆ ಹಗುರಾಗಿ, ಒಂದು ಈ ಮಗ್ಗುಲು, ಒಂದು ಆ ಮಗ್ಗುಲು. ಒತ್ತಬೇಡ. ವಜ್ರ ತಾನೇ ಕೊರೆಯುತ್ತದೆ, ಒತ್ತಿದರೆ ತಗಡಿನ ಪುಡಿಯೇ ಉದುರುತ್ತದೆ. ಸೆರಾಮಿಕ್ ಕಡ್ಡಿಯ ಗೈಡ್ 25 ಡಿಗ್ರಿ, ಬೇಕಂತಲೇ ಸ್ವಲ್ಪ ಜಾಸ್ತಿ ಇಟ್ಟಿದ್ದಾರೆ. ಆಗ ಕಡ್ಡಿ ತಾಗೋದು ಬಾಯಿಯ ಕೊನೆಯ ಅಂಚಿಗೆ ಮಾತ್ರ. ಅಲ್ಲಿ ನಾಲ್ಕೈದು ಸಲ ಸವರಿದರೆ ಸಾಕು. ಚರ್ಮದ ಮೇಲೆ ಮಾತ್ರ ಹಿಂದಕ್ಕೆ ಎಳೆಯಬೇಕು, ಮುಂದೆ ತಳ್ಳಿದರೆ ಚರ್ಮ ಕೊಯ್ದುಹೋಗುತ್ತದೆ. ಹಿಂದೆ ಕ್ಷೌರದವರು ಕತ್ತಿಯನ್ನು ಬೆಲ್ಟಿಗೆ ಎಳೆಯುತ್ತಿದ್ದದ್ದು ಇದೇ ಕೆಲಸಕ್ಕೆ, ಉಳಿದ ಚೂರುಪಾರು ತರಿ ಬಿಡಿಸೋದಕ್ಕೆ.

ಪರೀಕ್ಷೆಗೆ ಪೇಪರ್ ಸಾಕು. ಹಳೇ ದಿನಪತ್ರಿಕೆಯ ಹಾಳೆಯನ್ನು ಒಂದು ಕೈಯಲ್ಲಿ ಹಿಡಿದು ಮೇಲಿಂದ ಇಳಿಸು. ಎಲ್ಲಿ ಹರಿಯದೆ ಹಿಂಜಿಕೊಳ್ಳುತ್ತದೋ ಚಾಕುವಿನ ಆ ಜಾಗದಲ್ಲಿ ಇನ್ನೂ ಕೆಲಸ ಇದೆ.

ಬಸಣ್ಣ, ಈಗ ನಿನ್ನ ಸೈಕಲ್ ವಿಷಯ. ಸಾಣೆಯವರಲ್ಲಿ ಕೈ ಪಳಗಿದವರು ಇದ್ದಾರೆ, ಇಲ್ಲ ಅನ್ನೋದಿಲ್ಲ. ಆದರೆ ಒಣ ಚಕ್ರಕ್ಕೆ ತೆಳು ಚಾಕು ಒತ್ತಿ ಹಿಡಿದರೆ ಬಾಯಿ ಕಾಯುತ್ತದೆ. ಕಿಡಿ ಹಾರುವಾಗ ನೋಡೋಕೆ ಚಂದ. ಆಮೇಲೆ ಅಂಚಿನ ಬಣ್ಣ ನೋಡು. ನೀಲಿಗೆ ತಿರುಗಿದ್ದರೆ ಉಕ್ಕು ಹತ್ತಿರ ಹತ್ತಿರ 300 ಡಿಗ್ರಿ ಶಾಖ ಕಂಡಿದೆ ಅಂತ ಲೆಕ್ಕ. ಅಲ್ಲಿಗೆ ಹದ ಹೋಯಿತು. ಅವತ್ತು ಕೂದಲು ಬೋಳಿಸುವಷ್ಟು ಹರಿತ ಇರುತ್ತದೆ, ವಾರದಲ್ಲಿ ಮೊಂಡು. ಕೊಡಲಿಗೆ, ಮಟನ್ ಕತ್ತಿಗೆ ಬೇಕಾದರೆ ಕೊಡು. ತರಕಾರಿ ಚಾಕು ಕೊಡಬೇಡ.

ಚಿಗವ್ವ, ನೀನು ಹಿತ್ತಲ ಮೆಟ್ಟಿಲಿಗೆ ಈಳಿಗೆ ಮಸೆಯುತ್ತೀಯಲ್ಲ, ಅದು ತಪ್ಪಲ್ಲ. ಆ ಮೆಟ್ಟಿಲು ಬದಾಮಿ ಕಡೆಯ ಮರಳುಗಲ್ಲು. ಮರಳಿನ ಕಾಳು ಅಂದರೆ ಬೆಣಚು, 1ರಿಂದ 10ರ ಗಡಸುತನದ ಅಳತೆಯಲ್ಲಿ 7. ಚಾಕುವಿನ ಉಕ್ಕು ಅದಕ್ಕಿಂತ ಕಡಿಮೆ, ಅದಕ್ಕೇ ಸವೆಯುತ್ತದೆ. ವಜ್ರ 10, ಇನ್ನೂ ಬೇಗ. ತೊಂದರೆ ಎಲ್ಲಿ ಅಂದರೆ ಮೆಟ್ಟಿಲು ನಡುವೆ ತಗ್ಗಾಗಿದೆ, ಓರೆ ಒಂದೊಂದು ಸಲ ಒಂದೊಂದು ಥರ ಆಗುತ್ತದೆ. ಈಳಿಗೆಗೆ ಗೈಡ್ ಹೊಂದೋದಿಲ್ಲ. ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿ, ಶಾರ್ಪನರನ್ನೇ ಕೈಯಲ್ಲಿ ಹಿಡಿದು ಅಲಗಿನ ಮೇಲೆ ಕೆಳಗಿಂದ ಮೇಲಕ್ಕೆ ಆಡಿಸು. ಬೆರಳು ತಗಡಿನ ಹಿಂದೆಯೇ ಇರಲಿ. ಕಾಯಿ ತುರಿಯುವ ಹಲ್ಲಿಗೆ ಹೋಗಬೇಡ.

ಕುಡುಗೋಲು ಇದರಲ್ಲಿ ತಿಕ್ಕಬೇಡಿ. ಜೋಳ ಕೊಯ್ಯೋ ಕುಡುಗೋಲಿಗೆ ಕಂಬಾರನೇ ಸರಿ. ಹಲ್ಲಿನದಾದರಂತೂ ಒಂದೊಂದೇ ಹಲ್ಲು ಹಾಕಬೇಕು, ಅದು ತಗಡಿನ ಕೆಲಸ ಅಲ್ಲ.

ಗೌರಿ, ನಿಮ್ಮ ಮನೆಯಲ್ಲಿ ಇದು ಚಾಕುವಿಗಿಂತ ಜಾಸ್ತಿ ಉಪಯೋಗಕ್ಕೆ ಬರೋದು ನಿಮ್ಮಪ್ಪನ ತಿಕೋಟಾ ತೋಟದಲ್ಲಿ. ಅಕ್ಟೋಬರ್ ಚಾಟ್ನಿಗೆ, ಅಂದರೆ ಬಳ್ಳಿಯ ಕಡ್ಡಿ ಸವರುವ ಕೆಲಸಕ್ಕೆ ಮುಂಚೆ ದ್ರಾಕ್ಷಿ ಕತ್ತರಿ ಎಲ್ಲ ನನ್ನ ಅಂಗಡಿಗೇ ರಿಪೇರಿಗೆ ಬರುತ್ತವೆ. ಅರ್ಧಕ್ಕರ್ಧ ಕತ್ತರಿ ಎರಡೂ ಕಡೆ ಮಸೆದು ಹಾಳಾಗಿರುತ್ತವೆ. ಕತ್ತರಿಯ ಅಲಗಿಗೆ ಓರೆ ಇರೋದು ಹೊರಗಿನ ಮಗ್ಗುಲಿಗೆ ಮಾತ್ರ. ಒಳಮಗ್ಗುಲು ಚಪ್ಪಟೆ. ಅದು ಎದುರಿನ ಕೊಕ್ಕೆಗೆ ಅಂಟಿಕೊಂಡು ಜಾರಬೇಕು. ಒಳಗಡೆಯೂ ಓರೆ ಮಾಡಿದರೆ ನಡುವೆ ಸಂದು ಬಿದ್ದು, ಕಡ್ಡಿ ಕತ್ತರಿಸೋದಿಲ್ಲ, ಮಡಚುತ್ತದೆ. ಹಾಗಾಗಿ ಮೊದಲು ಸ್ಪ್ರಿಂಗ್ ಬಿಚ್ಚಿ ಅಲಗಿನ ಮೇಲಿನ ಅಂಟು ಒರೆಸಿ ತೆಗೀರಿ. ಹೊರಮಗ್ಗುಲನ್ನು ಇದ್ದ ಓರೆಯಲ್ಲೇ ತಿಕ್ಕಿ. ಒಳಗೆ ತರಿ ಬಂದರೆ ತಗಡನ್ನು ಪೂರ್ತಿ ಚಪ್ಪಟೆಯಾಗಿ ಇಟ್ಟು ಒಮ್ಮೆ ಸವರಿ, ಅಷ್ಟೇ. ಮೊಂಡ ಕತ್ತರಿ ಕಡ್ಡಿ ಜಜ್ಜುತ್ತದೆ, ಜಜ್ಜಿದ ಗಾಯ ಬೇಗ ಒಣಗೋದಿಲ್ಲ. ದಾಳಿಂಬೆಯವರು ಇನ್ನೂ ಒಂದು ನೆನಪಿಡಬೇಕು. ದುಂಡಾಣು ರೋಗ ಕತ್ತರಿಯಿಂದಲೂ ಗಿಡದಿಂದ ಗಿಡಕ್ಕೆ ದಾಟುತ್ತದೆ. ಹರಿತ ಎಷ್ಟೇ ಇರಲಿ, ಔಷಧದ ನೀರಿನಲ್ಲಿ ಅದ್ದದೆ ಮುಂದಿನ ಗಿಡ ಮುಟ್ಟಬಾರದು.

ಇನ್ನು ಪೆಟ್ಟಿಗೆ ಒಳಗೆ ಸಿಕ್ಕ ಆ ಚಿಕ್ಕ ಪಾನಾ ಯಾತಕ್ಕೆ ಅಂತ ಕೇಳಿದ್ದೀಯ. ತಗಡು ಕಿತ್ತರೆ ಕೆಳಗೆ ಕಾಣುತ್ತದಲ್ಲ, ಅದು. ಅದೇ ಬಾಣದ ಸಾಮಾನು. ಪವನ ಕಳೆದ ವಾರ ಫೋಟೊ ಹಾಕಿದ್ದನಲ್ಲ, ಬ್ರಾಡ್‌ಹೆಡ್ ಅಂತ. ಬಾಣದ ಮುಂದೆ ತಿರುಪು ಹಾಕಿ ಕೂರಿಸುವ ಅಲಗಿನ ಮೊನೆ. ಕೈಯಲ್ಲಿ ಹಿಡಿದು ತಿರುಗಿಸಿದರೆ ಬೆರಳು ಹೋಗುತ್ತದೆ, ಅದಕ್ಕೆ ಪಾನಾ. ಗುಂಡಿನ ಹೊಡೆತ ಬೇರೆ, ಬಾಣದ ಕೆಲಸ ಬೇರೆ. ಬಾಣ ಕೊಯ್ದು ರಕ್ತ ಹರಿಸಬೇಕು. ಮೊಂಡಾಗಿದ್ದರೆ ಜಿಂಕೆ ಗಾಯ ಹೊತ್ತು ಓಡಿಹೋಗಿ ಎಲ್ಲೋ ನರಳಿ ಸಾಯುತ್ತದೆ. ಅದಕ್ಕೇ ಅಲ್ಲಿಯ ಬೇಟೆಯವರು ಹರಿತದ ವಿಷಯದಲ್ಲಿ ಅಷ್ಟು ಹಟ ಹಿಡಿಯೋದು.

ಅದರಲ್ಲಿ ಒಂದು ಸೊಗಸು ಇದೆ. ಎರಡು ಅಲಗಿನ ಮೊನೆಯನ್ನು ಚಾಕುವಿನ ಹಾಗೇ ಗೈಡ್ ಇಟ್ಟು ಮಸೆಯಬೇಕು. ಮೂರು ಅಲಗಿನದಕ್ಕೆ ಗೈಡೇ ಬೇಡ. ಎರಡು ಅಲಗು ಒಟ್ಟಿಗೆ ತಾಗುವಂತೆ ತಗಡಿನ ಮೇಲೆ ಮಲಗಿಸಿದರೆ ಸಾಕು, ಮಗ್ಗುಲಿಗೆ 30 ಡಿಗ್ರಿ ತಾನಾಗಿಯೇ ಕೂರುತ್ತದೆ. ಮೂರು ಸಲ ಹೊರಳಿಸಿದರೆ ಮೂರೂ ಅಲಗಿನ ಎರಡೂ ಬದಿ ಮುಗಿಯಿತು. ಬ್ಲೇಡ್ ಬದಲಾಯಿಸುವ ನಮೂನೆಯನ್ನು ಬಹಳ ಜನ ಮಸೆಯೋದೇ ಇಲ್ಲ, ಹೊಸದು ಹಾಕುತ್ತಾರೆ.

"ಬಾಣ ಅವನು ತರಲಿ, ಮುಧೋಳ ನಾಯಿ ನಮ್ಮ ಹತ್ತಿರ ಇದೆ" ಅಂತ ಬಸಣ್ಣ ಆಗಲೇ ಶುರು ಮಾಡಿದ್ದ. ತಮಾಷೆಗೆ ಸರಿ. ಪವನನಿಗೆ ಅಲ್ಲಿ ಲೈಸೆನ್ಸ್ ಇದೆ, ಸೀಸನ್ ಇದೆ. ಇಲ್ಲಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಬೇಟೆ ನಿಷೇಧ. ನಮ್ಮ ನಾಯಿ 2005ರಲ್ಲಿ ಅಂಚೆ ಚೀಟಿ ಮೇಲೂ ಬಂತು, ತಿಮ್ಮಾಪುರದಲ್ಲಿ ಅದಕ್ಕೊಂದು ಸಂಶೋಧನಾ ಕೇಂದ್ರವೇ ಇದೆ. ಮೊಲ ಹಿಡಿಯೋಕೆ ಬಿಡುವ ಕಾಲ ಮಾತ್ರ ಮುಗಿಯಿತು. ಪಕ್ಕದ ಹಲಗಲಿ ಬೇಡರು 1857ರಲ್ಲಿ ಆಯುಧ ಒಪ್ಪಿಸೋದಿಲ್ಲ ಅಂತ ಕಂಪನಿಯವರ ಎದುರು ನಿಂತದ್ದು ಬೇರೆ ಕಥೆ, ಅದನ್ನು ಫಾರೆಸ್ಟ್‌ನವರ ಮುಂದೆ ಹೇಳಿದರೆ ನಡೆಯೋದಿಲ್ಲ. ಪವನ, ಬರುವಾಗ ಮೊನೆ ತರಬೇಡಪ್ಪ. ಆ ಪಾನಾ ಒಂದು ಡಬ್ಬಿಯಲ್ಲಿ ಬಿದ್ದಿರಲಿ.

ಕೊನೆಗೆ ಒಂದೆರಡು ಮಾತು. ತಗಡಿಗೆ ಎಣ್ಣೆ ಹಚ್ಚಬೇಡಿ, ಪುಡಿಯ ಸಂದಿಯಲ್ಲಿ ಅಂಟಾಗಿ ಕೂರುತ್ತದೆ. ಕಪ್ಪಾದಾಗ ನೀರಿನಲ್ಲಿ ಹಲ್ಲುಜ್ಜುವ ಹಳೇ ಬ್ರಷ್‌ನಿಂದ ತೊಳೆದು ಒಣಗಿಸಿ. ಮಸೆದ ಚಾಕುವನ್ನು ತೊಳೆಯದೆ ತರಕಾರಿಗೆ ಇಳಿಸಬೇಡಿ, ಉಕ್ಕಿನ ಪುಡಿ ಇರುತ್ತದೆ. ಮತ್ತೆ ಗೌರಿ, ನೀನು ಅಡುಗೆ ಕಟ್ಟೆಯ ಗ್ರಾನೈಟ್ ಮೇಲೇ ಉಳ್ಳಾಗಡ್ಡಿ ಹೆಚ್ಚೋದನ್ನು ಮೊನ್ನೆ ಬಂದಾಗ ನೋಡಿದ್ದೇನೆ. ಕಟ್ಟಿಗೆಯ ಮಣೆ ತಗೋ. ಇಲ್ಲದಿದ್ದರೆ ಎಷ್ಟು ಮಸೆದರೂ ಎರಡು ದಿನ.

ಸಂಜೆ ಮಾರ್ಕರ್ ಬಳಿದು 220ರ ಮೇಲೆ ನಾಲ್ಕು ಸಲ ತಳ್ಳಿ, ಬೆಳಕಿಗೆ ಹಿಡಿದು ಹತ್ತಿರದಿಂದ ಫೋಟೊ ತೆಗೆದು ಇಲ್ಲಿ ಹಾಕು. ಎರಡೂ ಮಗ್ಗುಲಿಂದು ಬೇಕು. ಕಪ್ಪು ಎಲ್ಲಿ ಉಳಿದಿದೆ ನೋಡಿ ಮುಂದಿನದು ಹೇಳುತ್ತೇನೆ.