ಭಾನುವಾರದ ಪ್ರಶ್ನೋತ್ತರ: ಕಾರಿನ ರೇಡಿಯೊ, ಸಿಡಿ ಪ್ಲೇಯರ್

ನವನಗರ ಅಕ್ಕ: ಅಣ್ಣಾರೇ, ಬ್ಯಾಟರಿ ಬದಲಿಸಿದ ಮೇಲೆ ರೇಡಿಯೊ ಕೋಡ್ ಕೇಳುತ್ತಿದೆ. 0000, 1234 ಎರಡೂ ಒತ್ತಿ ನೋಡಿದೆ.

ಗೋಕುಲ ರೋಡ್ ಎಲೆಕ್ಟ್ರಿಷಿಯನ್: ಇನ್ನು ಒತ್ತಬೇಡಿ ಅಕ್ಕಾರೇ. ಸುಮ್ನೆ ಅಂದಾಜಿನ ಮೇಲೆ ಒತ್ತುತ್ತಾ ಹೋದರೆ ಸೆಟ್ ಲಾಕ್ ಆಗುತ್ತದೆ. ಅದು ಕಳ್ಳರಿಗೆಂದು ಇಟ್ಟ ಬೀಗ. ಗಾಡಿಯ ಪುಸ್ತಕದಲ್ಲಿ ಸಣ್ಣ ಕಾರ್ಡ್ ಇದೆಯಾ ನೋಡಿ. ಇಲ್ಲದಿದ್ದರೆ ಆರ್‌ಸಿ ತಗೊಂಡು ಶೋರೂಮಿಗೆ ಹೋಗಿ. ಸೆಟ್ಟಿನ ಸೀರಿಯಲ್ ನಂಬರ್‌ನಿಂದ ಕೋಡ್ ತೆಗೆಸಬಹುದು.

ಧಾರವಾಡ ಪೇಡೆ: ಭಜನೆ ಸಿಡಿ ಒಳಗೇ ಸಿಕ್ಕಿಕೊಂಡಿದೆ. ಇನ್ನೊಂದು ಸಿಡಿಗೆ ಟೇಪ್ ಅಂಟಿಸಿ ಒಳಗೆ ತೂರಿಸಿ ಜಗ್ಗಿ ಅಂತ ಫಾರ್ವರ್ಡ್ ಬಂದಿದೆ. ಮಾಡಲಾ?

ಎಲೆಕ್ಟ್ರಿಷಿಯನ್: ಟೇಪೂ ಬೇಡ, ಚಾಕುವೂ ಬೇಡ. ಇಜೆಕ್ಟ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಬರದಿದ್ದರೆ ಸೆಟ್ ಬಿಚ್ಚಬೇಕು. ಸಿಡಿ ಮೇಲೆ ಕಾಗದದ ಲೇಬಲ್ ಅಂಟಿಸಿದ್ದಿರಾ?

ಪೇಡೆ: ಹೌದು.

ಎಲೆಕ್ಟ್ರಿಷಿಯನ್: ಬಿಸಿಲಿಗೆ ಅದೇ ಎದ್ದಿರುತ್ತದೆ.

ರಾಣೆಬೆನ್ನೂರು ರೈಡರ್: ನಾನು ಬರೆದ ಎಂಪಿ3 ಸಿಡಿ ಮನೆಯಲ್ಲಿ ಓಡುತ್ತದೆ, ಕಾರಲ್ಲಿ ಇಲ್ಲ. ಯಾಕೆ?

ಬೆಟಗೇರಿ ಹುಡುಗ: ಸರ, ಗದಗ–ಹುಬ್ಬಳ್ಳಿ ದಿನಾ ಓಡಾಟ. ಜೊತೆಗೆ ಅಪ್ಪ ಇರುತ್ತಾರೆ, ಅವರಿಗೆ ಧಾರವಾಡ ಆಕಾಶವಾಣಿ ಬೇಕೇ ಬೇಕು. ಹೋದ ವಾರದಿಂದ ಮೀಡಿಯಂ ವೇವ್ 765ರಲ್ಲಿ ಬರೀ ಗರ್ ಅನ್ನುತ್ತದೆ. ಎಫ್‌ಎಂ ಸರಿ ಇದೆ. ಹೊಸ ಸೆಟ್ ಹಾಕಿಸಲಾ?

ಎಲೆಕ್ಟ್ರಿಷಿಯನ್: ಒಂದು ರೂಪಾಯಿನೂ ಹಾಕಬೇಡಿ. ಎಫ್‌ಎಂ ಚೆನ್ನಾಗಿದ್ದು ಮೀಡಿಯಂ ವೇವ್ ಮಾತ್ರ ಕೆಟ್ಟರೆ ನನ್ನ ಅನುಮಾನ ಗಾಡಿಯೊಳಗಿನ ಬೇರೆ ಸಾಮಾನಿನ ಮೇಲೆ. ಮೀಡಿಯಂ ವೇವ್‌ನಲ್ಲಿ ಅಲೆಯ ಬಲ ಏರಿಳಿಯುವುದೇ ಧ್ವನಿ. ಹತ್ತಿರದಲ್ಲಿ ಬೇರೆ ಏನು ಕಿರಿಕಿರಿ ಮಾಡಿದರೂ ರೇಡಿಯೊ ಅದನ್ನೂ ಹಾಡು ಅಂದುಕೊಂಡು ಹಾಡುತ್ತದೆ. ಅಗ್ಗದ ಚಾರ್ಜರ್ 12 ವೋಲ್ಟನ್ನು 5ಕ್ಕೆ ಇಳಿಸಲು ಸೆಕೆಂಡಿಗೆ ಸಾವಿರಾರು ಸಲ ಕರೆಂಟು ಹಚ್ಚಿ ಆರಿಸುತ್ತದೆ. ಆ ಗದ್ದಲ ನೇರ ಆಂಟೆನಾಕ್ಕೆ ಬಡಿಯುತ್ತದೆ. ಹೀಗೆ ಮಾಡಿ. ಊರ ಹೊರಗೆ, ತಲೆ ಮೇಲೆ ಕರೆಂಟಿನ ತಂತಿ ಇಲ್ಲದ ಕಡೆ ನಿಲ್ಲಿಸಿ. ಇಂಜಿನ್ ಬಂದ್ ಮಾಡಿ ಚಾವಿ ಎಸಿಸಿಗೆ (ಇಂಜಿನ್ ಇಲ್ಲದೆ ರೇಡಿಯೊ ಓಡುವ ಗುರುತಿಗೆ) ಇಟ್ಟು 765 ಹಚ್ಚಿ. ಹೊಸದಾಗಿ ಹಾಕಿದ್ದನ್ನೆಲ್ಲ ಒಂದೊಂದೇ ಕಿತ್ತು ನೋಡಿ. ಯಾವುದು ಕಿತ್ತಾಗ ಸದ್ದು ನಿಂತಿತೋ ಅದೇ ಕಳ್ಳ. ಇಂಜಿನ್ ಬಂದ್ ಇದ್ದಾಗ ಸುಮ್ಮನಿದ್ದು, ಚಾಲೂ ಮಾಡಿ ಆಕ್ಸಿಲರೇಟರ್ ಒತ್ತಿದ ಹಾಗೆ ಕುಂಯ್ ಅಂತ ಏರಿದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ನೋಡಬೇಕು. ಎರಡೂ ಅಲ್ಲದಿದ್ದರೆ ಆಂಟೆನಾ ಬುಡದ ತುಕ್ಕು. ಹೋದ ವಾರ ಏನು ಹಾಕಿಸಿದಿರಿ?

ಬೆಟಗೇರಿ ಹುಡುಗ: ಡ್ಯಾಶ್‌ಕ್ಯಾಮ್ ಸರ, ರಸ್ತೆ ರೆಕಾರ್ಡ್ ಮಾಡುವ ಕ್ಯಾಮೆರಾ...

ಎಲೆಕ್ಟ್ರಿಷಿಯನ್: ಅದನ್ನು ಮೊದಲೇ ಹೇಳಬಾರದಾ?

ಹಾವೇರಿ ಏಲಕ್ಕಿ: ಈ ಕಾಲದಲ್ಲೂ ಮೀಡಿಯಂ ವೇವಾ? ಮೊಬೈಲಲ್ಲೇ ಬರುತ್ತಲ್ಲ.

ಮಿರ್ಚಿ ಭಜಿ: ಅಣ್ಣಿಗೇರಿ ದಾಟಿ ಎರೆ ಹೊಲದ ನಡುವೆ ನೆಟ್ ಹಿಡಿದು ತೋರಿಸು, ಆಮೇಲೆ ಮಾತಾಡು.

ಏಲಕ್ಕಿ: ನನಗೆ ಸಿಗುತ್ತೆ. ನಿನ್ನ ಫೋನ್ ಡಬ್ಬಾ.

ಭಜಿ: ನಿನ್ನ ಕಾರಿಗಿಂತ ವಾಸಿ.

ನವಲಗುಂದ ಕಾಕಾ: ನನ್ನ ರೇಡಿಯೊನೂ ಕೋಡ್ ಕೇಳುತ್ತಿದೆ.

ಎಲೆಕ್ಟ್ರಿಷಿಯನ್: ಮೇಲೆ ಓದಿ.

ಏಲಕ್ಕಿ: ಉಪಯೋಗಕ್ಕೆ ಬರುವ ಫಾರ್ವರ್ಡ್: ರೇಡಿಯೊ ಫ್ಯೂಸ್ ಹೋದರೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಹಾಕಿ.

ಎಲೆಕ್ಟ್ರಿಷಿಯನ್: ಅಳಿಸಿ. ಈಗಲೇ. ತಂತಿ ಸುಡಬಾರದು ಅಂತಲೇ ಫ್ಯೂಸ್ ಸುಡುವುದು. ಎಷ್ಟು ಆಂಪ್ ಬರೆದಿದೆಯೋ ಅಷ್ಟರದ್ದೇ ಹಾಕಿ. ಮತ್ತೆ ಹೋದರೆ ಎಲ್ಲೋ ಶಾರ್ಟ್ ಇದೆ ಅಂತ ಅರ್ಥ. ಕಾಗದ ಸುತ್ತಿದರೆ ಮುಂದಿನ ಸಲ ಹೊಗೆ ಬರುವುದು ಡ್ಯಾಶ್‌ಬೋರ್ಡಿನಿಂದ.

ಏಲಕ್ಕಿ: ನಮ್ಮ ಮಾಮಾ ಹತ್ತು ವರ್ಷದಿಂದ ಹಾಗೇ ಓಡಿಸುತ್ತಿದ್ದಾರೆ.

ಎಲೆಕ್ಟ್ರಿಷಿಯನ್: ಹಂಗಾದ್ರೆ ಮಾಮಾನನ್ನೇ ಕೇಳಿ. ನಾನು ಊಟಕ್ಕೆ ಹೊರಟೆ.

ರಾಣೆಬೆನ್ನೂರು ರೈಡರ್: ಸರ, ಎಂಪಿ3?

ನವಲಗುಂದ ಕಾಕಾ: ಮೇಲೆ ಅಂದರೆ ಎಲ್ಲಿ?