ಜಿಎಸ್‌ಟಿ ನೋಟಿಸ್ ಬಂದಿದೆ: ಸಿಎ ಸಾಕಾ, ವಕೀಲರೂ ಬೇಕಾ?

ಕೇಳಿದ್ದು: ಪ್ಯಾಕಿಂಗ್ ಸಾಮಾನಿನ ಸಣ್ಣ ವ್ಯಾಪಾರ ನನ್ನದು. 2022-23ನೇ ಸಾಲಿನಲ್ಲಿ ಇಬ್ಬರು ಸಪ್ಲೈಯರ್‌ಗಳ ಬಿಲ್ ಮೇಲೆ ತೆಗೆದುಕೊಂಡ ಐಟಿಸಿ (ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ನಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವುದು) ಸರಿಯಿಲ್ಲ ಅಂತ ಡಿಆರ್‌ಸಿ-01, ಅಂದರೆ ತೆರಿಗೆ ಕೇಳುವ ಶೋಕಾಸ್ ನೋಟಿಸ್, ಬಂದಿದೆ. ತೆರಿಗೆಯೇ ಮೂರು ಲಕ್ಷದ ಹತ್ತಿರ, ಮೇಲೆ ಬಡ್ಡಿ, ದಂಡ. ನಮ್ಮ ಸಿಎ "ನಾನೇ ಉತ್ತರ ಹಾಕ್ತೀನಿ ಬಿಡಿ" ಅಂತಾರೆ. ನಮ್ಮ ಭಾವ "ಮೊದಲು ಒಳ್ಳೆ ವಕೀಲರನ್ನ ಹಿಡಿ" ಅಂತಾರೆ. ಇಂಥದ್ದನ್ನು ದಾಟಿ ಬಂದವರು ದಯವಿಟ್ಟು ಹೇಳಿ.

ಸ್ಯಾನಿಟರಿ ಸಾಮಾನಿನ ಹೋಲ್‌ಸೇಲ್ ಮಾಡುವವರು:
ಮೊತ್ತ ಆಮೇಲೆ ನೋಡೋಣ. ನೋಟಿಸ್‌ನಲ್ಲಿ ಯಾವ ಸೆಕ್ಷನ್ ಹಾಕಿದ್ದಾರೆ ಅಂತ ಮೊದಲು ನೋಡಿ ಸರ್. 73 ಅಂತಿದ್ದರೆ ಅದು ಲೆಕ್ಕದ ಜಗಳ. 74 ಅಂತಿದ್ದರೆ ನಿಮ್ಮ ನಿಯತ್ತಿನ ಮೇಲೆ ಆರೋಪ. ವಂಚನೆ ಮಾಡಿದ್ದೀರಿ, ಇಲ್ಲಾ ಬೇಕಂತಲೇ ಮುಚ್ಚಿಟ್ಟಿದ್ದೀರಿ ಅಂತ ಅರ್ಥ. 73ರಲ್ಲಿ ದಂಡ ತೆರಿಗೆಯ ಶೇ. 10 ಅಥವಾ 10,000 ರೂಪಾಯಿ, ಯಾವುದು ಜಾಸ್ತಿಯೋ ಅದು. 74ರಲ್ಲಿ ತೆರಿಗೆ ಎಷ್ಟೋ ದಂಡವೂ ಅಷ್ಟೇ. ಅಂದರೆ ನಿಮ್ಮ ಕೇಸಿನಲ್ಲಿ ಮೂವತ್ತು ಸಾವಿರಕ್ಕೂ ಮೂರು ಲಕ್ಷಕ್ಕೂ ಇರುವ ವ್ಯತ್ಯಾಸ. (2024-25ರಿಂದ ಮುಂದಿನ ವರ್ಷಗಳಿಗೆ 74ಎ ಅಂತ ಒಂದೇ ಸೆಕ್ಷನ್ ಬಂದಿದೆ. ಅದರಲ್ಲೂ ವಂಚನೆ ಇದೆಯೋ ಇಲ್ಲವೋ ಅನ್ನುವುದರ ಮೇಲೆಯೇ ದಂಡ.)

ನಮಗೆ ಬಂದಿದ್ದು 74. ನಮ್ಮ ವಕೀಲರು ಲೆಕ್ಕದ ಹಾಳೆಗಳನ್ನು ಆಮೇಲೆ ನೋಡುತ್ತೇನೆ ಅಂತ ಪಕ್ಕಕ್ಕಿಟ್ಟು, ನೋಟಿಸನ್ನೇ ಪೆನ್ಸಿಲ್ ಹಿಡಿದು ಓದಿದರು. "ಸಪ್ರೆಷನ್" ಅನ್ನುವ ಮಾತು ಬಂದ ಕಡೆಯೆಲ್ಲ ಗೆರೆ ಎಳೆದರು. ಯಾವ ಮಾಹಿತಿಯನ್ನು ಹೇಗೆ ಮುಚ್ಚಿಟ್ಟೆವು ಅಂತ ಒಂದು ಕಡೆಯೂ ಬರೆದಿರಲಿಲ್ಲ. ವಾದ ನಿಂತಿದ್ದೇ ಅದರ ಮೇಲೆ. ವಂಚನೆ ಸಾಬೀತಾಗದಿದ್ದರೆ ಅದನ್ನು 73ರ ಕೇಸಿನಂತೆ ಲೆಕ್ಕ ಹಾಕಬೇಕು ಅಂತ ಸೆಕ್ಷನ್ 75ರಲ್ಲೇ ಇದೆ. ನಮ್ಮದು ಅಪೀಲಿನಲ್ಲಿ ಹಾಗೇ ಇಳಿಯಿತು. ನಮ್ಮ ಅಕೌಂಟೆಂಟ್ ತುಂಬಾ ಚುರುಕು, ಆದರೆ ಈ ದಾರಿ ಅವರಿಗೆ ಹೊಳೆಯುತ್ತಿರಲಿಲ್ಲ ಅನ್ಸತ್ತೆ.

ಟ್ಯಾಕ್ಸ್ ಪ್ರಾಕ್ಟೀಸ್ ಮಾಡುವವರು:
ಮೇಲಿನವರ ಮಾತು ಸರಿ. ಆದರೆ ಪ್ರತಿ ನೋಟಿಸಿಗೂ ವಕೀಲರ ಹತ್ತಿರ ಓಡಬೇಕಿಲ್ಲ. ಎಎಸ್‌ಎಂಟಿ-10 (ರಿಟರ್ನ್‌ನಲ್ಲಿ ವ್ಯತ್ಯಾಸ ಇದೆ ಅಂತ ವಿವರಣೆ ಕೇಳುವ ನೋಟಿಸ್) ಬಂದಿದೆ, 3ಬಿಗೂ (ನೀವು ಹಾಕುವ ರಿಟರ್ನ್) 2ಬಿಗೂ (ಸಪ್ಲೈಯರ್‌ಗಳು ಹಾಕಿದ್ದರಿಂದ ಬರುವ ಐಟಿಸಿ ಪಟ್ಟಿ) ತಾಳೆ ಬಿದ್ದಿಲ್ಲ, ಎಂಟ್ರಿ ತಪ್ಪು ಹೆಡ್‌ನಲ್ಲಿ ಕೂತಿದೆ, ಇವೆಲ್ಲ ನಮ್ಮಂಥವರ ಕೆಲಸ. ಅಧಿಕಾರಿಯ ಮುಂದೆ, ಅಪೀಲ್ ಅಧಿಕಾರಿಯ ಮುಂದೆ ಸಿಎ, ಕಾಸ್ಟ್ ಅಕೌಂಟೆಂಟ್, ಜಿಎಸ್‌ಟಿ ಪ್ರಾಕ್ಟೀಷನರ್ ಯಾರು ಬೇಕಾದರೂ ನಿಮ್ಮ ಪರವಾಗಿ ನಿಲ್ಲಬಹುದು. ಕಾನೂನಿನ ಸೆಕ್ಷನ್ 116 ಅದಕ್ಕೆ ಅವಕಾಶ ಕೊಟ್ಟಿದೆ. ಹೈಕೋರ್ಟಿನಲ್ಲಿ ಮಾತ್ರ ವಕೀಲರೇ ಆಗಬೇಕು.

ಯಾರೇ ಬರೆಯಲಿ, ಡಿಆರ್‌ಸಿ-06ರಲ್ಲಿ ಹಾಕುವ ಮೊದಲ ಉತ್ತರ ಗಟ್ಟಿಯಾಗಿರಲಿ. "ಅಪೀಲಿನಲ್ಲಿ ನೋಡಿಕೊಳ್ಳೋಣ" ಅಂತ ದಾಖಲೆ ಉಳಿಸಿಕೊಂಡರೆ ಕೆಟ್ಟಿರಿ. ಅಲ್ಲಿ ಹೊಸ ಸಾಕ್ಷ್ಯವನ್ನು ಸುಲಭಕ್ಕೆ ತೆಗೆದುಕೊಳ್ಳುವುದಿಲ್ಲ, ರೂಲ್ 112 ಅಡ್ಡ ಬರುತ್ತದೆ. ಬಿಲ್, ಇ-ವೇ ಬಿಲ್, ಲಾರಿ ರಸೀದಿ, ಬ್ಯಾಂಕಿನಿಂದ ದುಡ್ಡು ಹೋದ ಸ್ಟೇಟ್‌ಮೆಂಟ್, ಸ್ಟಾಕ್ ಪುಸ್ತಕದ ಆ ಪುಟ, ಎಲ್ಲ ಈಗಲೇ ಲಗತ್ತಿಸಿ. ಅದೇ ಫಾರ್ಮಿನಲ್ಲಿ ಪರ್ಸನಲ್ ಹಿಯರಿಂಗ್ ಬೇಕಾ ಅಂತ ಒಂದು ಆಯ್ಕೆ ಇರುತ್ತದೆ. ಹೌದು ಅಂತಲೇ ಒತ್ತಿ. ಎಷ್ಟೋ ಜನ ಅದನ್ನು ನೋಡದೆ ಬಿಟ್ಟುಬಿಡುತ್ತಾರೆ.

ಸಿಎ ಅವರಿಗೆ ಒಂದು ಪ್ರಶ್ನೆ ನೇರವಾಗಿ ಕೇಳಿ: "ಆರ್ಡರ್ ನಮ್ಮ ವಿರುದ್ಧ ಬಂದರೆ ಅಪೀಲ್ ನೀವೇ ನಡೆಸ್ತೀರಾ? ಇಂಥದ್ದು ಮುಂಚೆ ನಡೆಸಿದ್ದೀರಾ?" ಅವರು ತಡವರಿಸಿದರೆ ನಿಮಗೆ ಉತ್ತರ ಸಿಕ್ಕಿತು ಅಂತಲೇ ಲೆಕ್ಕ.

ಪವರ್ ಲೂಮ್ ಜಾಬ್‌ವರ್ಕ್ ಮಾಡಿಸುವವರು:
ನಮ್ಮ ಪಕ್ಕದ ಯೂನಿಟ್‌ನವರ ಕಥೆ ಹೇಳ್ತೀನಿ. ಅವರ ಆರ್ಡರ್ ಪೋರ್ಟಲ್‌ನಲ್ಲಿ "ಅಡಿಷನಲ್ ನೋಟಿಸಸ್ ಆಂಡ್ ಆರ್ಡರ್ಸ್" ಅನ್ನುವ ಬೇರೆ ಟ್ಯಾಬ್‌ನಲ್ಲಿ ಕೂತಿತ್ತು. ರಿಟರ್ನ್ ಹಾಕುವ ಹುಡುಗ ಮಾಮೂಲಿ ನೋಟಿಸ್ ಟ್ಯಾಬ್ ಮಾತ್ರ ನೋಡುತ್ತಿದ್ದ. ಬ್ಯಾಂಕ್ ಖಾತೆ ಅಟ್ಯಾಚ್ ಆದಾಗಲೇ ಗೊತ್ತಾಗಿದ್ದು. ಅಪೀಲಿಗೆ ಮೂರು ತಿಂಗಳು, ಕಾರಣ ಕೊಟ್ಟರೆ ಇನ್ನೊಂದು ತಿಂಗಳು. ಅದೂ ಮುಗಿದಿತ್ತು. ಹೈಕೋರ್ಟಿಗೆ ರಿಟ್ ಹಾಕಿ ಮತ್ತೆ ವಿಚಾರಣೆಗೆ ಕಳಿಸಿಕೊಂಡು ಬರುವಷ್ಟರಲ್ಲಿ ಸಾಕುಸಾಕಾಯ್ತು ಅವರಿಗೆ. ಅಷ್ಟು ಹೊತ್ತಿಗೆ ವಕೀಲರು ಬೇಕಾ ಬೇಡವಾ ಅನ್ನುವ ಪ್ರಶ್ನೆಯೇ ಇರಲ್ಲ ಅಲ್ವಾ. ವಾರಕ್ಕೊಮ್ಮೆ ಎರಡೂ ಟ್ಯಾಬ್ ನೀವೇ ನೋಡಿ.

ಸ್ಟೇಷನರಿ ಅಂಗಡಿಯವರು:
ನಂದು 73, ಮೊತ್ತವೂ ಚಿಕ್ಕದು. ವಕೀಲರ ಫೀಸೇ ಅದಕ್ಕಿಂತ ಜಾಸ್ತಿ ಆಗ್ತಿತ್ತು. ನೋಟಿಸ್ ಬಂದು 30 ದಿನದೊಳಗೆ ತೆರಿಗೆ, ಬಡ್ಡಿ ಕಟ್ಟಿದರೆ ದಂಡ ಇಲ್ಲ. ಡಿಆರ್‌ಸಿ-03 ಅನ್ನುವ ಪಾವತಿ ಫಾರ್ಮಿನಲ್ಲಿ ಕಟ್ಟಿ ಕೈ ತೊಳೆದುಕೊಂಡೆ. ನ್ಯಾಯ ನನ್ನ ಕಡೆಯೇ ಇತ್ತೇನೋ, ಇರಲಿ ಬಿಡಿ.

ಸಣ್ಣ ಫ್ಯಾಬ್ರಿಕೇಷನ್ ಶಾಪ್‌ನವರು:
ಯಾರೂ ಹೇಳದ ಒಂದು ವಿಷಯ. ಸೆಕ್ಷನ್ 70ರ ಸಮನ್ಸ್ ಬಂದರೆ ಹೋಗುವ ಮುಂಚೆಯೇ ವಕೀಲರ ಜೊತೆ ಕೂತು ಮಾತಾಡಿ. ಅಲ್ಲಿ ನಿಮ್ಮ ಬದಲು ಸಿಎ ಆಗಲಿ ವಕೀಲರಾಗಲಿ ಉತ್ತರ ಕೊಡುವಂತಿಲ್ಲ, ನೀವೇ ಹೇಳಬೇಕು. ಸುಮ್ನೆ ಊಹೆ ಮಾಡಿ ಹೇಳಬೇಡಿ. ಗೊತ್ತಿಲ್ಲದಿದ್ದರೆ ದಾಖಲೆ ನೋಡಿ ಹೇಳ್ತೀನಿ ಅನ್ನಿ. ಬರೆದುಕೊಂಡ ಹೇಳಿಕೆಯನ್ನು ಪೂರ್ತಿ ಓದದೆ ಸಹಿ ಹಾಕಲೇಬೇಡಿ. ಎಷ್ಟು ಹೊತ್ತಾದರೂ ಪರವಾಗಿಲ್ಲ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಈಗ ನೋಡಿದೆ, 74 ಅಂತಲೇ ಇದೆ. ಒಬ್ಬ ಸಪ್ಲೈಯರ್‌ನ ರಿಜಿಸ್ಟ್ರೇಷನ್ ಹಿಂದಿನ ತಾರೀಖಿನಿಂದ ರದ್ದು ಮಾಡಿದ್ದಾರಂತೆ, ನಾವು ಮಾಲು ತಗೊಂಡಾಗ ಚಾಲ್ತಿಯಲ್ಲೇ ಇತ್ತು. ಇನ್ನೊಬ್ಬರದು ರಿಟರ್ನ್ ತಡ, ಅಷ್ಟೇ.

ಟ್ಯಾಕ್ಸ್ ಪ್ರಾಕ್ಟೀಸ್ ಮಾಡುವವರು:
ಹಾಗಾದರೆ ಒಬ್ಬರದು ಲೆಕ್ಕ, ಇನ್ನೊಬ್ಬರದು ಕಾನೂನು. ವಕೀಲರ ಹತ್ತಿರ ಹೋಗಿ, ಸಿಎ ಅವರನ್ನು ಬಿಡಬೇಡಿ, ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿ. ಉತ್ತರ ಬರೆಯೋದಕ್ಕೆ ಎಷ್ಟು, ಹಿಯರಿಂಗಿಗೆ ಎಷ್ಟು, ಅಪೀಲಿಗೆ ಎಷ್ಟು ಅಂತ ಫೀಸು ಬೇರೆ ಬೇರೆ ಬರೆಸಿಕೊಳ್ಳಿ. ಅಪೀಲಿಗೆ ಹೋದರೆ ವಿವಾದದ ತೆರಿಗೆಯ ಶೇ. 10 ಮೊದಲೇ ಕಟ್ಟಬೇಕು. ಕಟ್ಟಿದ ಮೇಲೆ ಉಳಿದ ವಸೂಲಿ ನಿಲ್ಲುತ್ತದೆ. ಅದನ್ನೂ ಈಗಲೇ ಎತ್ತಿಡಿ. ಆ ಸಪ್ಲೈಯರ್‌ನ ಜಿಎಸ್‌ಟಿ ನಂಬರ್ (ಜಿಎಸ್‌ಟಿಐಎನ್) ಹಾಕಿ ಪೋರ್ಟಲ್‌ನಲ್ಲಿ ಬರುವ ಪುಟವನ್ನು, ರದ್ದಾದ ತಾರೀಖಿನ ಸಮೇತ, ಇವತ್ತೇ ಪ್ರಿಂಟ್ ತೆಗೆಯಿರಿ. ಮಾಲು ಬಂದ ದಿನದ ಇ-ವೇ ಬಿಲ್ ಅದರ ಜೊತೆಗಿರಲಿ. ಉತ್ತರ ಕೊಡೋಕೆ ಕಡೇ ದಿನ ಯಾವುದು ಅಂತ ನೋಟಿಸ್‌ನಲ್ಲೇ ಇರುತ್ತೆ. ಸಾಲದೆ ಬಂದರೆ ಟೈಮ್ ಬೇಕು ಅಂತ ಆ ದಿನಕ್ಕೆ ಮುಂಚೆಯೇ ಅರ್ಜಿ ಹಾಕಿ.