ಪದಚರ್ಚೆ: ‘ಸ್ಯಾಲ್ವೇಜ್ ಟೈಟಲ್’ ಇರುವ ದೋಣಿಗೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗಾಗಿ, ಬಳಸಿದ ದೋಣಿಯನ್ನು ಕೊಳ್ಳುವಾಗ ಏನೇನು ನೋಡಬೇಕು ಎಂಬ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅದು ಅಚ್ಚಿಗೆ ಹೋಗಬೇಕು. ಉಳಿದದ್ದೆಲ್ಲ ಮುಗಿದಿದೆ, ‘ಸ್ಯಾಲ್ವೇಜ್ ಟೈಟಲ್’ ಇರುವ ದೋಣಿಯನ್ನು ಕೊಂಡರೆ ಎದುರಾಗುವ ಅಪಾಯಗಳನ್ನು ಅಳೆದು ತೂಗುವ ಅಧ್ಯಾಯದ ತಲೆಬರಹ ಮಾತ್ರ ನಿಂತಿದೆ.

ಸಂದರ್ಭ ಹೀಗಿದೆ. ದೋಣಿಯೊಂದು ಮುಳುಗಿಯೋ ಬೆಂಕಿಗೆ ಸಿಕ್ಕಿಯೋ ಬಿರುಗಾಳಿಯಲ್ಲಿ ದಡಕ್ಕೆ ಬಡಿದೋ ಕೆಟ್ಟಾಗ, ಅದನ್ನು ದುರಸ್ತಿ ಮಾಡಿಸುವ ಖರ್ಚು ಅದರ ಬೆಲೆಗೆ ಹೊಂದುವುದಿಲ್ಲವೆಂದು ವಿಮಾ ಕಂಪನಿಗೆ ತೋರಿದರೆ, ಕಂಪನಿಯು ಮಾಲೀಕರಿಗೆ ಪೂರ್ತಿ ಹಣ ಕೊಟ್ಟು ದೋಣಿಯನ್ನು ತಾನು ವಹಿಸಿಕೊಂಡು ಹರಾಜಿಗೆ ಹಾಕುತ್ತದೆ. ಆಗ ರಾಜ್ಯ ಸರ್ಕಾರ ಕೊಡುವ ಒಡೆತನದ ಕಾಗದದ ಮೇಲೆ ಆ ಪದ ಬೀಳುತ್ತದೆ. ‘ರಕ್ಷಿತ ಹಕ್ಕುಪತ್ರ’ ಎಂದು ಮೊದಲು ಬರೆದೆ. ಓದಿದ ನನ್ನ ಅಕ್ಕ ಅದನ್ನು ಯಾರೂ ಕಸಿದುಕೊಳ್ಳಲಾಗದ ಹಕ್ಕು ಎಂದು ಅರ್ಥ ಮಾಡಿಕೊಂಡರು. ‘ಉಳಿಕೆ ಹಕ್ಕುಪತ್ರ’ ಎಂದರೆ ಪಾಲಿನಲ್ಲಿ ಮಿಕ್ಕ ಆಸ್ತಿಯಂತೆ ಕೇಳುತ್ತದೆ. ಅದೂ ಅಲ್ಲದೆ ‘ಹಕ್ಕುಪತ್ರ’ ಎಂದೊಡನೆ ನಮ್ಮವರ ಕಣ್ಣಿಗೆ ಬರುವುದು ನಿವೇಶನ, ಜಮೀನು. ದಯವಿಟ್ಟು ಬೇಗ ತಿಳಿಸಿ.

ಉತ್ತರ

‘ಗುಜರಿ ದೋಣಿ’ ಎನ್ನಿ. ಎಲ್ಲರಿಗೂ ತಿಳಿಯುತ್ತದೆ. ತಿಳಿದ ಪದವಿರುವಾಗ ಹೊಸದನ್ನು ಕಟ್ಟುವ ಅಗತ್ಯವಿಲ್ಲ.

ಉತ್ತರ

ಪದದ ಹುಟ್ಟನ್ನು ನೋಡದೆ ಅನುವಾದಕ್ಕೆ ಕೈಹಾಕುವುದು ಸರಿಯಲ್ಲ. ಲ್ಯಾಟಿನ್ನಿನ ‘ಸಾಲ್ವುಸ್’ ಎಂದರೆ ಊನವಿಲ್ಲದ್ದು, ಇಡಿಯಾಗಿರುವುದು. ಸಂಸ್ಕೃತದ ‘ಸರ್ವ’ ಶಬ್ದವು ಅದರ ಒಡಹುಟ್ಟು. ಆ ಮೂಲದಿಂದ ಫ್ರೆಂಚಿನ ಮಾರ್ಗವಾಗಿ ಇಂಗ್ಲಿಷಿಗೆ ಬಂದ ‘ಸ್ಯಾಲ್ವೇಜ್’, ಹದಿನೇಳನೆಯ ಶತಮಾನದಲ್ಲಿ, ಕಡಲಿನಲ್ಲಿ ಕಷ್ಟಕ್ಕೆ ಸಿಕ್ಕ ಹಡಗನ್ನೋ ಸರಕನ್ನೋ ಉಳಿಸಿಕೊಟ್ಟವನಿಗೆ ಸಲ್ಲಬೇಕಾದ ಸಂಭಾವನೆಯನ್ನು ಹೇಳುತ್ತಿತ್ತು. ಕಡಲ ಕಾನೂನಿನಲ್ಲಿ ಇಂದಿಗೂ ಆ ಅರ್ಥ ಮಾಸಿಲ್ಲ. ೧೯೮೯ರ ಅಂತಾರಾಷ್ಟ್ರೀಯ ಒಪ್ಪಂದವು ಅಂಥ ಸಂಭಾವನೆಯನ್ನು ಹೇಗೆ ಗೊತ್ತುಮಾಡಬೇಕೆಂದು ವಿವರವಾಗಿ ಹೇಳುತ್ತದೆ. ಉಳಿಸಿದ ಕೆಲಸದ ಹೆಸರು ಮುಂದೆ ಉಳಿಸಿದ ವಸ್ತುವಿಗೆ ಬಂದಿತು. ಆದ್ದರಿಂದ ‘ಮೇಲೆತ್ತಿದ’ ಎಂಬ ಅರ್ಥದ ‘ಉದ್ಧೃತ’ವೇ ಇಲ್ಲಿ ಸಾಧು. ‘ಉದ್ಧೃತ ನೌಕೆ’ ಎಂದರೆ ಮೂಲದ ಘನತೆಯೂ ಉಳಿಯುತ್ತದೆ. ‘ಗುಜರಿ’ ಪಾರಸಿಯಿಂದ ಬಂದದ್ದು, ದಾರಿಬದಿಯಲ್ಲಿ ಸಂಜೆ ಸೇರುವ ಸಂತೆಗೆ ಇದ್ದ ಹೆಸರು; ಅದಕ್ಕೂ ದೋಣಿಗೂ ಸಂಬಂಧವಿಲ್ಲ.

ಉತ್ತರ

ಮೇಲಿನ ಇಬ್ಬರೂ ದೋಣಿಗೆ ಹೆಸರಿಡುತ್ತಿದ್ದಾರೆ. ಕೇಳಿರುವುದು ದೋಣಿಯ ಹೆಸರನ್ನಲ್ಲ, ಕಾಗದದ ಮೇಲೆ ಬಿದ್ದ ಒಂದು ಬರಹದ ಹೆಸರನ್ನು. ಈ ವ್ಯತ್ಯಾಸವನ್ನು ಪದವೇ ಹೇಳದಿದ್ದರೆ ಓದುವವರು ಅಪಾಯವನ್ನು ತಪ್ಪಾಗಿ ತೂಗುತ್ತಾರೆ, ಹಣ ಕಳೆದುಕೊಳ್ಳುತ್ತಾರೆ. ಆದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

ಸಿಡಿಲು ಬಡಿದು ವಿದ್ಯುತ್ ಉಪಕರಣಗಳೆಲ್ಲ ಸುಟ್ಟುಹೋಗಿ, ಒಡಲಿಗೆ ಏನೂ ಆಗದೆ ಉಳಿದ ಒಂದು ಹಳೆಯ ದೋಣಿಯಿದೆ ಎಂದುಕೊಳ್ಳಿ. ಉಪ್ಪುನೀರಿನಲ್ಲಿ ನಾಲ್ಕು ದಿನ ಮುಳುಗಿದ್ದು ಎತ್ತಿ ತಂದ ಇನ್ನೊಂದು ದೋಣಿಯಿದೆ. ವಿಮಾ ಕಂಪನಿಯ ಲೆಕ್ಕದಲ್ಲಿ ಎರಡೂ ಪೂರ್ತಿ ನಷ್ಟ, ಕಾಗದದ ಮೇಲೆ ಬೀಳುವ ಪದವೂ ಒಂದೇ. ಮೊದಲನೆಯದನ್ನು ಬಲ್ಲವರು ಯೋಚಿಸಿ ಕೊಳ್ಳಬಹುದು, ಎರಡನೆಯದನ್ನು ಮುಟ್ಟಬಾರದು. ‘ಗುಜರಿ’ ಎಂದುಬಿಟ್ಟರೆ ಎರಡೂ ಕೆಟ್ಟವು ಎಂದಾಯಿತು. ‘ಉದ್ಧೃತ’ ಎಂದರೆ ಎರಡೂ ಬದುಕಿ ಬಂದವು ಎಂದಾಯಿತು, ಇದು ಇನ್ನೂ ಅಪಾಯದ ಮಾತು.

ಇದಕ್ಕೆ ತಿರುವುಮುರುವಾದ ಸಂಗತಿ ಇನ್ನೂ ಮುಖ್ಯವಾದದ್ದು. ವಿಮೆಯೇ ಇಲ್ಲದ ದೋಣಿ ಮುಳುಗಿ, ಮಾಲೀಕರು ತಾವೇ ತೇಪೆ ಹಾಕಿಸಿ ಬಣ್ಣ ಬಳಿಸಿ ಮಾರಿದರೆ ಕಾಗದ ಸ್ವಚ್ಛವಾಗಿಯೇ ಇರುತ್ತದೆ. ಅಮೆರಿಕದ ಎಲ್ಲ ರಾಜ್ಯಗಳೂ ದೋಣಿಗೆ ಒಡೆತನದ ಪತ್ರ ಕೊಡುವುದಿಲ್ಲ. ಕೆಲವು ಬರೀ ನೋಂದಣಿ ಮಾಡಿಕೊಳ್ಳುತ್ತವೆ. ಹೀಗಾಗಿ ಒಂದು ರಾಜ್ಯದಲ್ಲಿ ಬಿದ್ದ ಬರಹ ದೋಣಿ ಗಡಿ ದಾಟಿದೊಡನೆ ಅಳಿಸಿಹೋಗಬಹುದು. ಕಾರುಗಳ ಒಡೆತನದ ಪತ್ರಗಳನ್ನು ಪರಿಶೀಲಿಸಲು ಅಲ್ಲಿ ದೇಶಕ್ಕೆಲ್ಲ ಒಂದು ಮಾಹಿತಿ ವ್ಯವಸ್ಥೆಯಿದೆ, ದೋಣಿಗಳು ಅದರಲ್ಲಿ ಸೇರಿಲ್ಲ. ಐದು ನಿವ್ವಳ ಟನ್ (ಇದು ತೂಕವಲ್ಲ, ದೋಣಿಯ ಒಳಜಾಗದ ಅಳತೆ) ಅಥವಾ ಅದಕ್ಕಿಂತ ದೊಡ್ಡ ದೋಣಿಗೆ ಅಲ್ಲಿನ ಕರಾವಳಿ ಕಾವಲು ಪಡೆಯಾದ ಕೋಸ್ಟ್ ಗಾರ್ಡ್ ಕೊಡುವ ಒಕ್ಕೂಟ ಸರ್ಕಾರದ ದಾಖಲೆಯೂ ಒಡೆತನವನ್ನು ಹೇಳುತ್ತದೆಯೇ ಹೊರತು ಒಡಲು ಗಟ್ಟಿಯಾಗಿದೆಯೆಂದು ಹೇಳುವುದಿಲ್ಲ. ಈ ಗೊಂದಲವನ್ನು ನೀಗಿಸಲು ೨೦೧೧ರಲ್ಲಿ ಎಲ್ಲ ರಾಜ್ಯಗಳಿಗೂ ಹೊಂದುವಂಥ ಮಾದರಿ ಕಾಯಿದೆಯೊಂದನ್ನು ರೂಪಿಸಿದರು. ಡಿಕ್ಕಿ, ಸಿಡಿಲು, ಬೆಂಕಿ, ಸ್ಫೋಟ, ನೆಲಕ್ಕೆ ತಗುಲಿದ್ದು, ಮುಳುಗಿದ್ದು ಇಂಥ ಕಾರಣಗಳಿಂದ ಒಡಲಿನ ಗಟ್ಟಿತನಕ್ಕೆ ಕುಂದು ಬಂದಿದ್ದರೆ ಪತ್ರದ ಮೇಲೆ ‘ಈ ನಾವೆಯ ಒಡಲಿಗೆ ಹಾನಿಯಾಗಿದೆ’ ಎಂಬ ಅರ್ಥದ ಬರಹವಿರಬೇಕೆಂದು ಅದು ಹೇಳುತ್ತದೆ. ಕೆಲವು ರಾಜ್ಯಗಳು ಮಾತ್ರ ಅದನ್ನು ಒಪ್ಪಿಕೊಂಡಿವೆ. ಅನುವಾದಕರು ಗಮನಿಸಬೇಕು: ‘ಸ್ಯಾಲ್ವೇಜ್’ ವಿಮೆಯ ಲೆಕ್ಕದ ಮಾತು, ‘ಒಡಲಿಗೆ ಹಾನಿ’ ದೋಣಿಯ ಮೈಯ ಮಾತು. ಎರಡಕ್ಕೂ ಒಂದೇ ಕನ್ನಡ ಪದ ಹಾಕಿದರೆ ಅಧ್ಯಾಯವೇ ಕೆಡುತ್ತದೆ.

ನನ್ನ ತಮ್ಮ ಅಲ್ಲಿ ಇಂಥದೊಂದು ದೋಣಿಯನ್ನು ಕೊಳ್ಳಲು ಹೊರಟಿದ್ದಾಗ ನಾನು ಜೊತೆಗಿದ್ದೆ. ಫೈಬರ್‌ಗ್ಲಾಸಿನ ದೋಣಿ, ಹೊರಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ಮಾರುವವರು ‘ಬರೀ ಕಾಗದದ ತೊಂದರೆ’ ಎಂದರು. ನಾವು ಕರೆದೊಯ್ದಿದ್ದ ದೋಣಿ ಪರೀಕ್ಷಕರು ಮಾತಾಡದೆ ಒಂದು ಸಣ್ಣ ಸುತ್ತಿಗೆ ತೆಗೆದು ಮೇಲ್ಹಾಸನ್ನು ಅಂಗೈಯಗಲಕ್ಕೊಂದರಂತೆ ತಟ್ಟುತ್ತ ಹೋದರು. ಮುಂಭಾಗದಲ್ಲೆಲ್ಲ ‘ಟಕ್ ಟಕ್’ ಎಂದು ಗಟ್ಟಿ ಸದ್ದು ಬರುತ್ತಿದ್ದದ್ದು ಎಂಜಿನ್ ಕೂರಿಸುವ ಹಿಂಗೋಡೆಯ ಬಳಿ ಬಂದಾಗ ‘ದಬ್ ದಬ್’ ಎಂದು ತಿರುಗಿತು. ಒಳಗಿನ ಮರ ನೀರು ಕುಡಿದು ಪದರ ಬಿಟ್ಟಿದೆ ಎಂದರು. ಆಮೇಲೆ ಒಂದು ವೈರಿನ ತುದಿಯನ್ನು ಸುಲಿದು ತೋರಿಸಿದರು. ತಾಮ್ರ ತುದಿಯಲ್ಲಷ್ಟೇ ಅಲ್ಲ, ಗೇಣುದ್ದ ಒಳಗೂ ಕಪ್ಪಾಗಿ, ಹಸಿರು ಪುಡಿ ಉದುರುತ್ತಿತ್ತು. ಉಪ್ಪುನೀರು ದೀಪದ ಬತ್ತಿಗೆ ಎಣ್ಣೆ ಏರುವಂತೆ ವೈರಿನೊಳಗೆ ಏರುತ್ತದೆ, ಇಂದು ಉರಿಯುವ ದೀಪ ಇನ್ನೊಂದು ವರ್ಷಕ್ಕೆ ನಡುನೀರಿನಲ್ಲಿ ಆರುತ್ತದೆ. ಇದಲ್ಲದೆ ವಿಚಾರಿಸಿದ ವಿಮಾ ಕಂಪನಿ ಇತರರಿಗಾಗುವ ಹಾನಿಗೆ ಮಾತ್ರ ವಿಮೆ ಕೊಡುತ್ತೇವೆ, ದೋಣಿಗೆ ಕೊಡುವುದಿಲ್ಲ ಎಂದಿತು, ಬ್ಯಾಂಕು ಸಾಲವಿಲ್ಲವೆಂದಿತು. ತಮ್ಮ ಕೊಳ್ಳಲಿಲ್ಲ.

ಈಗ ಪದಕ್ಕೆ ಬರುತ್ತೇನೆ. ದಾಖಲೆಯೊಂದರ ಮೇಲೆ ಅಧಿಕಾರಿಯು ಬರೆಯುವ, ಆ ದಾಖಲೆಯ ಬೆಲೆಯನ್ನೇ ಬದಲಿಸುವ ಟಿಪ್ಪಣಿಗೆ ಕನ್ನಡದ ಕಚೇರಿಗಳಲ್ಲಿ ತಲೆಮಾರುಗಳಿಂದ ಒಂದು ಪದವಿದೆ: ಷರಾ. ‘ಕಡತದ ಮೇಲೆ ಷರಾ ಬರೆದರು’ ಎಂದರೆ ಯಾರಿಗೂ ವಿವರಿಸಬೇಕಿಲ್ಲ. ಆದ್ದರಿಂದ ‘ವಿಮಾ ನಷ್ಟದ ಷರಾ ಇರುವ ಒಡೆತನ ಪತ್ರ’ ಎನ್ನಿ. ಒಡಲಿಗೆ ಸಂಬಂಧಿಸಿದ್ದಕ್ಕೆ ‘ಒಡಲ ಹಾನಿಯ ಷರಾ’ ಎನ್ನಿ. ಷರಾ ಇದ್ದರೆ ಕೇಳಬೇಕಾದ ಪ್ರಶ್ನೆ ‘ಏಕೆ ಬಿತ್ತು’ ಎಂಬುದು. ಷರಾ ಇಲ್ಲದಿದ್ದರೆ ‘ಎಲ್ಲಿಂದ ಬಂದ ದೋಣಿ’ ಎಂಬುದು. ಪದವೇ ಓದುಗರನ್ನು ಆ ಪ್ರಶ್ನೆಗಳ ಕಡೆಗೆ ತಿರುಗಿಸುತ್ತದೆ.

ಉತ್ತರ

ವಿವರಣೆ ಚೆನ್ನಾಗಿದೆ, ಪದ ಚೆನ್ನಾಗಿಲ್ಲ. ‘ಷರಾ’ ಅರಬ್ಬಿಯದು. ‘ವಿಮಾ ನಷ್ಟ’ದಲ್ಲಿ ಪಾರಸಿಯೂ ಸಂಸ್ಕೃತವೂ ಕೂಡಿವೆ. ‘ಒಡೆತನ ಪತ್ರ’ ಅರಿಸಮಾಸ. ಒಂದು ತಲೆಬರಹದಲ್ಲಿ ಇಷ್ಟು ಬೆರಕೆ ಸಲ್ಲದು. ‘ಕೇಡೊತ್ತಿನ ಒಡೆತನದೋಲೆ’ ಎಂದರೆ ಎಲ್ಲವೂ ಕನ್ನಡದಲ್ಲೇ ಮುಗಿಯುತ್ತದೆ. ‘ಒತ್ತು’ ಎಂದರೆ ಅಚ್ಚು, ಮೊಹರು. ‘ಕೇಡು’ ನಷ್ಟವನ್ನೂ ಹಾನಿಯನ್ನೂ ಹೇಳುತ್ತದೆ. ಬೇರೆಡೆಯಿಂದ ತಂದ ಪದಗಳ ಮೇಲೆ ಒರಗುವ ಚಾಳಿಯನ್ನು ಇಂಥ ಎಡೆಗಳಲ್ಲಾದರೂ ಬಿಡದಿದ್ದರೆ ಕನ್ನಡಕ್ಕೆ ಹೊಸ ಪದ ಕಟ್ಟುವ ಕಸುವು ಎಂದು ಬಂದೀತು?

ಉತ್ತರ

ಕೊನೆಯ ಸಲಹೆಯನ್ನು ಒಪ್ಪಲಾರೆ. ‘ಕೇಡು’ ನಷ್ಟವನ್ನೂ ಹಾನಿಯನ್ನೂ ಒಟ್ಟಿಗೆ ಹೇಳುತ್ತದೆ ಎಂಬುದೇ ಇಲ್ಲಿ ದೋಷ. ಆ ಎರಡನ್ನು ಬೇರೆ ಮಾಡಬೇಕೆಂದು ಮೇಲಿನವರು ಅಷ್ಟು ಹೊತ್ತು ಬರೆದಿದ್ದಾರೆ. ‘ಒತ್ತು’ ಎಂದರೆ ಇಂದಿನ ಓದುಗರಿಗೆ ಮೊದಲು ಹೊಳೆಯುವುದು ಒತ್ತಕ್ಷರ ಅಥವಾ ಒತ್ತಿ ಹೇಳುವುದು.

ಎರವಲಿನ ವಿಚಾರ: ‘ಹಕ್ಕು’ ಅರಬ್ಬಿಯಿಂದ ಬಂದಿದೆ. ‘ಖರೀದಿ’, ‘ವಿಮೆ’, ‘ಜಖಂ’ ಪಾರಸಿಯವು. ‘ಜಖಂ’ ಅಲ್ಲಿ ಗಾಯ. ನಮ್ಮ ಪತ್ರಿಕೆಗಳಲ್ಲಿ ‘ಕಾರು ಜಖಂ’ ಎಂದು ಓದುವಾಗ ಯಾರೂ ಪಾರಸಿಯನ್ನು ನೆನೆಯುವುದಿಲ್ಲ. ಕಾನೂನು, ಕಚೇರಿ, ವ್ಯಾಪಾರದ ನುಡಿಗಟ್ಟು ಕನ್ನಡದಲ್ಲಿ ಹೀಗೆಯೇ ಬೆಳೆದಿದೆ. ಎರವಲನ್ನು ಜರಡಿ ಹಿಡಿಯುವುದಾದರೆ ಬೇರೆಯದೇ ಅಳತೆ ಬೇಕು. ಮಾರುವವರ ಎದುರು ಕಾಗದ ಹಿಡಿದು ನಿಂತ ಓದುಗರಿಗೆ ಆ ಪದ ತಡೆಯಿಲ್ಲದೆ ಅರ್ಥವಾಗಬೇಕು, ಇಷ್ಟೇ.

ಅದೇ ಅಳತೆಯಿಂದ ‘ಷರಾ’ದ ಪರವಾಗಿರುವವರಿಗೂ ಒಂದು ಮಾತು. ಆ ಕಾಗದದ ಮೇಲೆ ಮುದ್ರಿತವಾಗಿರುವುದು ‘ಸ್ಯಾಲ್ವೇಜ್’ ಎಂಬ ಪದ. ಕೈಪಿಡಿಯಲ್ಲಿ ಅದು ಎಲ್ಲಿಯೂ ಕಾಣದಿದ್ದರೆ, ಓದುಗರು ಕನ್ನಡದಲ್ಲಿ ಎಚ್ಚರಿಕೆಯನ್ನು ಓದಿ, ಇಂಗ್ಲಿಷಿನ ಕಾಗದವನ್ನು ಕೈಯಲ್ಲಿ ಹಿಡಿದೂ ಗುರುತಿಸದೆ ಸಹಿ ಹಾಕುತ್ತಾರೆ. ಆದ್ದರಿಂದ ಆ ಪದವನ್ನು ಹೆಸರಾಗಿ ಉಳಿಸಿ, ಅದರ ಅರ್ಥವನ್ನು ಕನ್ನಡದಲ್ಲಿ ಹೇಳಿ. ‘ರೀಬಿಲ್ಟ್’, ಅಂದರೆ ಕೆಟ್ಟ ಮೇಲೆ ಮತ್ತೆ ಕಟ್ಟಿದ್ದು, ಎಂದಿರುವ ಪತ್ರಗಳಿಗೂ ಹೀಗೆಯೇ ಮಾಡಿ. ಅರಿಸಮಾಸದ ಆಕ್ಷೇಪ ಮಾತ್ರ ಸರಿ. ‘ಒಡೆತನದ ಪತ್ರ’ ಎಂದು ಷಷ್ಠಿ ಹಚ್ಚಿದರೆ ಅದು ತೀರುತ್ತದೆ. ಆದರೆ ‘ಒಡೆದ ದೋಣಿಯ ಒಡೆತನ’ ಎಂದು ಅಕ್ಕಪಕ್ಕದಲ್ಲಿ ಬರೆಯಬೇಡಿ, ಬೇರೆ ಬೇರೆ ಧಾತುಗಳಾದರೂ ಕಣ್ಣು ಎಡವುತ್ತದೆ.

ಉತ್ತರ

‘ಉದ್ಧೃತ’ವನ್ನು ಯಾರೂ ಸರಿಯಾಗಿ ನಿರಾಕರಿಸಿಲ್ಲ. ಮೂಲಾರ್ಥವನ್ನು ಕೈಬಿಟ್ಟ ಅನುವಾದ ಹೆಚ್ಚು ದಿನ ನಿಲ್ಲುವುದಿಲ್ಲ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಉತ್ತರ

ಮುಳುಗಿದ್ದ ದೋಣಿಯನ್ನು ‘ಉದ್ಧೃತ’ ಎಂದು ಓದಿ ಕೊಂಡವರ ನಷ್ಟಕ್ಕೆ ಮೂಲಾರ್ಥ ಹೊಣೆಯಾಗುವುದಿಲ್ಲ. ನನ್ನ ಮಟ್ಟಿಗೆ ಆ ಪದದ ಚರ್ಚೆ ಮುಗಿಯಿತು. ಷಷ್ಠಿಯನ್ನೂ ಇಂಗ್ಲಿಷ್ ಹೆಸರನ್ನೂ ಒಪ್ಪುತ್ತೇನೆ.

ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಅಚ್ಚಿಗೆ ಕಳುಹಿಸುತ್ತಿರುವ ರೂಪ ಕೆಳಗಿದೆ. ಕಾಗುಣಿತದ ತಪ್ಪಿದ್ದರೆ ಮಾತ್ರ ನಾಳೆ ಮಧ್ಯಾಹ್ನದೊಳಗೆ ತಿಳಿಸಿ.

‘ಸ್ಯಾಲ್ವೇಜ್’ ಷರಾ ಇರುವ ದೋಣಿ: ಕೊಳ್ಳುವ ಮೊದಲು ತೂಗಬೇಕಾದ ಅಪಾಯಗಳು

ಒಡೆತನದ ಪತ್ರದ ಮೇಲೆ ‘ಸ್ಯಾಲ್ವೇಜ್’ ಎಂಬ ಷರಾ ಇದ್ದರೆ, ವಿಮಾ ಕಂಪನಿಯೊಂದು ಈ ದೋಣಿಯನ್ನು ಪೂರ್ತಿ ನಷ್ಟವೆಂದು ಬರೆದು ಕೈಬಿಟ್ಟಿತ್ತು ಎಂದರ್ಥ. ಹಾನಿ ಎಲ್ಲಿ ಆಯಿತು, ಎಷ್ಟು ಆಯಿತು, ಯಾರು ದುರಸ್ತಿ ಮಾಡಿದರು ಎಂಬುದನ್ನು ಆ ಷರಾ ಹೇಳುವುದಿಲ್ಲ. ಆದ್ದರಿಂದ ಬೆಲೆಯ ಮಾತಿಗೆ ಮೊದಲು ವಿಮೆಯ ಹಾನಿ ವರದಿಯನ್ನೂ ದುರಸ್ತಿಯ ಬಿಲ್ಲುಗಳನ್ನೂ ಚಿತ್ರಗಳನ್ನೂ ಕೇಳಿರಿ. ಮಾರುವವರಿಗೆ ಸಂಬಂಧವಿಲ್ಲದ ಪರೀಕ್ಷಕರಿಂದ ದೋಣಿಯನ್ನು ನೀರಿನಿಂದ ಮೇಲೆತ್ತಿಸಿ ನೋಡಿಸಿರಿ, ನೀರಿಗಿಳಿಸಿ ಓಡಿಸಿಯೂ ನೋಡಿಸಿರಿ. ಮುಂಗಡ ಕೊಡುವ ಮೊದಲೇ ನಿಮ್ಮ ವಿಮಾ ಕಂಪನಿಯಿಂದ ಉತ್ತರವನ್ನು ಬರಹದಲ್ಲಿ ಪಡೆಯಿರಿ. ದೋಣಿಯ ಹಿಂಗೋಡೆಯ ಬಲಮಗ್ಗುಲಿನಲ್ಲಿ ಕೊರೆದಿರುವ ಹನ್ನೆರಡು ಅಕ್ಷರ ಅಂಕಿಗಳ ಗುರುತಿನ ಸಂಖ್ಯೆಯು ಪತ್ರದಲ್ಲಿರುವ ಸಂಖ್ಯೆಗೆ ಒಂದಕ್ಷರವೂ ತಪ್ಪದೆ ಹೊಂದಬೇಕು. ೧೯೮೪ರ ಆಗಸ್ಟ್ ೧ರಿಂದೀಚೆಗೆ ತಯಾರಾದ ದೋಣಿಗಳಲ್ಲಿ ಅದೇ ಸಂಖ್ಯೆ ಕಣ್ಣಿಗೆ ಬೀಳದ ಇನ್ನೊಂದು ಜಾಗದಲ್ಲಿಯೂ ಇರುತ್ತದೆ. ಅದನ್ನೂ ಹುಡುಕಿ ತೋರಿಸುವಂತೆ ಪರೀಕ್ಷಕರನ್ನು ಕೇಳಿರಿ.